ಅಮೆರಿಕದ ಉಪನಗರಗಳ ಸರ್ಕಾರಿ ಹೈಸ್ಕೂಲಿನಲ್ಲಿ ಓದು, ಆಟ ಎರಡೂ ಹೇಗೆ ನಡೆಯುತ್ತವೆ?

ಚಿಕಾಗೋ ಪಕ್ಕದ ವಿನೆಟ್ಕಾದಲ್ಲಿರುವ ನ್ಯೂ ಟ್ರಿಯರ್ ಹೈಸ್ಕೂಲನ್ನೇ ನೋಡಿ. 1901ರಲ್ಲಿ ಶುರುವಾದ ಸರ್ಕಾರಿ ಶಾಲೆ. ಒಂಬತ್ತರಿಂದ ಹನ್ನೆರಡನೇ ತರಗತಿ, ಅಂದರೆ ನಮ್ಮ ಪಿಯುಸಿಯೂ ಸೇರಿದ ಹಾಗೆ. ಒಂಬತ್ತನೆಯವರಿಗೆ ನಾರ್ತ್‌ಫೀಲ್ಡ್‌ನಲ್ಲಿ ಬೇರೆಯೇ ಕ್ಯಾಂಪಸ್ ಇದೆ.

ಇಲ್ಲಿ ಸೈನ್ಸ್, ಕಾಮರ್ಸ್ ಎಂಬ ಗೋಡೆ ಇಲ್ಲ. ವಿಷಯಗಳನ್ನು ಬೇರೆ ಬೇರೆ ಮಟ್ಟದಲ್ಲಿ ಕಲಿಸುತ್ತಾರೆ. ಒಬ್ಬನೇ ಹುಡುಗ ಗಣಿತವನ್ನು ಕಠಿಣ ಮಟ್ಟದಲ್ಲಿ, ಇಂಗ್ಲಿಷನ್ನು ಸಾಧಾರಣ ಮಟ್ಟದಲ್ಲಿ ಓದಬಹುದು. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್. ಅದನ್ನು ಓದಿ, ಮೇ ತಿಂಗಳ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಎಷ್ಟೋ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ, ಅಂದರೆ ಅದನ್ನು ಕಾಲೇಜಿನ ಓದಾಗಿಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಆಟ ಸಾಮಾನ್ಯವಾಗಿ ತರಗತಿ ಮುಗಿದ ಮೇಲೆ. ವರ್ಷಕ್ಕೆ ಮೂರು ಸೀಸನ್: ಆಗಸ್ಟ್‌ನಿಂದ ಫುಟ್‌ಬಾಲ್, ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್, ಆಮೇಲೆ ಬೇಸ್‌ಬಾಲ್. ಫುಟ್‌ಬಾಲ್ ಅಂದರೆ ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ. ಕೆಲವು ಆಟಗಳಲ್ಲಿ ಸುಮ್ನೆ ಹೋಗಿ ತಂಡ ಸೇರಲು ಆಗುವುದಿಲ್ಲ, ಆಯ್ಕೆ ಇರುತ್ತದೆ. ನನಗೆ ಹಿಡಿಸಿದ್ದು ಈ ಶಾಲೆ ಇರುವ ಇಲಿನಾಯ್ ರಾಜ್ಯದ ಹೈಸ್ಕೂಲು ಕ್ರೀಡಾ ಸಂಘದ ನಿಯಮ: ವಾರಕ್ಕೆ 25 ಕ್ರೆಡಿಟ್ ಗಂಟೆಗಳಷ್ಟು ಪಾಠದಲ್ಲಿ, ಅಂದರೆ ಹೆಚ್ಚುಕಮ್ಮಿ ಐದು ವಿಷಯಗಳಲ್ಲಿ, ಪಾಸಾಗುವ ಮಟ್ಟದಲ್ಲಿರಬೇಕು. ಇಲ್ಲದಿದ್ದರೆ ಎಷ್ಟೇ ದೊಡ್ಡ ಆಟಗಾರನಾದರೂ ಪಂದ್ಯ ಆಡುವಂತಿಲ್ಲ.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಅಂತೀರಾ? ಹೆಚ್ಚಿನ ಪಾಲು ಊರಿನವರ ಆಸ್ತಿ ತೆರಿಗೆಯಿಂದ. ವಿನೆಟ್ಕಾ ಶ್ರೀಮಂತರ ಊರು, ಹಾಗಾಗಿ ಶಾಲೆಯೂ ಅನುಕೂಲಸ್ಥ. ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ಮನೆ ಆ ಶಾಲೆಯ ವ್ಯಾಪ್ತಿಯಲ್ಲೇ ಇರಬೇಕು. ಅಲ್ಲಿನ ಮನೆಗಳ ಬೆಲೆ ಕೇಳಿದರೆ ಖಾಸಗಿ ಶಾಲೆಯ ಫೀಸೇ ಅಗ್ಗ ಅನ್ನಿಸಬಹುದು!