ಮಕ್ಕಳ ಆಟ, ಕಥೆ ತಂದರೆ ಇಂಗ್ಲಿಷ್ ಪಾಠ ಹಿಂದೆ ಬೀಳುತ್ತದಾ?

ಆರೇಳು ವರ್ಷದ ಮಕ್ಕಳಿಗೆ ಇಂಗ್ಲಿಷ್ ಕಲಿಸುವಾಗ ಅವರದೇ ಆಟ, ಕಥೆ, ಮನೆಯ ಮಾತು ತಂದರೆ ಇಂಗ್ಲಿಷ್ ಹಿಂದೆ ಬೀಳುತ್ತದಾ ಅಂತ ಕೇಳಿದ್ದೀರಿ. ಬೀಳುವುದಿಲ್ಲ. ಚಿಕ್ಕ ತರಗತಿಗಳಿಗೆ ಪಾಠ ಮಾಡಲು ಶುರು ಮಾಡಿದಾಗ ನನಗೂ ಇದೇ ಹೆದರಿಕೆ ಇತ್ತು.

ನಮ್ಮ ಪುಸ್ತಕದಲ್ಲಿ ಹಿಮದ ಗೊಂಬೆಯ ಪಾಠ ಇತ್ತು. ತರಗತಿಯಲ್ಲಿ ಹಿಮ ಕಂಡವರು ಒಬ್ಬರೂ ಇಲ್ಲ. ಹಿಮ ಅಂದರೇನು ಅಂತ ಅವರ ಭಾಷೆಯಲ್ಲೇ ವಿವರಿಸುವುದರಲ್ಲಿ ಪೀರಿಯಡ್ ಮುಗಿಯಿತು. ಮಕ್ಕಳಿಗೆ ದಕ್ಕಿದ ಇಂಗ್ಲಿಷ್ 'ಸ್ನೋ', ಅಷ್ಟೇ.

ಮರುದಿನ ಸುಮ್ನೆ ಕಣ್ಣಾಮುಚ್ಚಾಲೆ ಆಡಿಸಿದೆ. ನಿಯಮ ಒಂದೇ: ಅಡಗಿದವರ ಜಾಗವನ್ನು ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ಔಟ್. ಬಾಗಿಲ ಹಿಂದೆ ಕೂತವಳನ್ನು ಒಬ್ಬ ಹುಡುಗ 'ಇನ್ ದ ಡೋರ್' ಅಂದ. ಅವಳು ಹೊರಗೆ ಬರಲೇ ಇಲ್ಲ. ಅಲ್ಲಿಂದಲೇ 'ನೋ! ಬಿಹೈಂಡ್!' ಅಂತ ಕೂಗಿದಳು. ತಿದ್ದುವ ಕೆಲಸ ನನಗೆ ಉಳಿಯಲಿಲ್ಲ. ಆಟ ಗೊತ್ತಿದ್ದದ್ದೇ, ಮಾತು ಮಾತ್ರ ಹೊಸದು. ಎರಡೂ ಒಟ್ಟಿಗೆ ಹೊಸದಾದರೆ ಮಗು ಯಾವುದನ್ನು ಹಿಡಿಯಬೇಕು, ಅಲ್ವಾ?

ಇದು ಬರೀ ನನ್ನ ಅನುಭವ ಅಲ್ಲ. 1979ರಲ್ಲಿ ಸ್ಟೆಫೆನ್‌ಸೆನ್, ಜೋಗ್-ದೇವ್, ಆಂಡರ್ಸನ್ ಎಂಬ ಮೂವರು ಸಂಶೋಧಕರು ಭಾರತದ ಮದುವೆ, ಅಮೆರಿಕದ ಮದುವೆ ಕುರಿತ ಎರಡು ಪತ್ರಗಳನ್ನು ಎರಡೂ ದೇಶದವರಿಗೆ ಓದಿಸಿದರು. ತಮ್ಮ ಕಡೆಯ ಮದುವೆಯ ಪತ್ರವನ್ನು ಜನ ಬೇಗ ಓದಿದರು, ಜಾಸ್ತಿ ನೆನಪಿಟ್ಟರು. ಇನ್ನೊಂದನ್ನು ತಿರುಚಿ ಅರ್ಥ ಮಾಡಿಕೊಂಡರು. ಓದಿದವರು ದೊಡ್ಡವರು. ಮಕ್ಕಳ ಪಾಡು ಊಹಿಸಿಕೊಳ್ಳಿ.

ನ್ಯೂಜಿಲೆಂಡಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಇನ್ನೂ ಮುಂದೆ ಹೋದರು. 'ನಿನಗೆ ಯಾವ ಪದ ಬೇಕು?' ಅಂತ ಮಗುವನ್ನೇ ಕೇಳಿ, ಅದನ್ನು ದಪ್ಪ ಕಾರ್ಡಿನ ಮೇಲೆ ಬರೆದು ಕೈಗೆ ಕೊಡುತ್ತಿದ್ದರು. 'ಘೋಸ್ಟ್' ಥರದ ಪದಗಳನ್ನು ಮಕ್ಕಳು ಒಮ್ಮೆ ನೋಡಿದರೆ ಮರೆಯುತ್ತಿರಲಿಲ್ಲ. ನೆನಪಿರದ ಪದದ ಕಾರ್ಡನ್ನು ಅವರು ತೆಗೆದೇ ಬಿಡುತ್ತಿದ್ದರು. ನಾನೂ ಮಾಡಿ ನೋಡಿದ್ದೇನೆ. ಮಕ್ಕಳು ಕೇಳುವ ಪದಗಳು ನಮ್ಮ ಸಿಲಬಸ್ಸಿನ ಹತ್ತಿರವೂ ಸುಳಿಯುವುದಿಲ್ಲ.

ಒಂದು ಕಡೆ ಮಾತ್ರ ಎಚ್ಚರ. 'ನಮ್ಮ ಸಂಸ್ಕೃತಿ' ಅಂತ ದೊಡ್ಡವರು ಆರಿಸುವ ಚಾರ್ಟು, ವೇಷಭೂಷಣ ಎಷ್ಟೋ ಸಲ ಮಕ್ಕಳಿಗೆ ಹಿಮದಷ್ಟೇ ದೂರ. ನಿನ್ನೆ ಸಂಜೆ ಅವರು ಏನು ಆಡಿದರು, ಯಾರ ಜೊತೆ ಜಗಳ ಆಡಿದರು ಅಂತ ಕೇಳಿ, ಅಲ್ಲಿಂದ ಶುರು ಮಾಡಿ. ಎಲ್ಲವನ್ನೂ ಅನುವಾದಿಸಲೂ ಹೋಗಬೇಡಿ. ಚಿಕ್ಕಪ್ಪನೂ ಅಂಕಲ್, ಸೋದರಮಾವನೂ ಅಂಕಲ್ ಅಂದರೆ ಮಗುವಿಗೆ ಗಲಿಬಿಲಿ. 'ದಿಸ್ ಈಸ್ ಮೈ ಚಿಕ್ಕಪ್ಪ' ಅಂದರೂ ಅದು ಇಂಗ್ಲಿಷೇ.

ಪುಸ್ತಕದ ಪಾಠವನ್ನು ಬಿಸಾಡಬೇಕಿಲ್ಲ, ತಡವಾಗಿ ತನ್ನಿ. ವರ್ಷದ ಕೊನೆಗೆ ನಾವು ಅಂಗಳದಲ್ಲಿ ಮಣ್ಣಿನ ಗೊಂಬೆ ಮಾಡಿದೆವು. ಬಿಗ್ ಹೆಡ್, ಸ್ಮಾಲ್ ಐಸ್ (ಕಣ್ಣು), ಎಲ್ಲ ಅವರೇ ಹೇಳಿದರು. ರಾತ್ರಿ ಮಳೆಗೆ ಅದು ಕರಗಿ ಹೋಯಿತು. ಬೆಳಗ್ಗೆ ಹಿಮದ ಗೊಂಬೆಯ ಪುಟ ತೆಗೆದೆ. ಒಬ್ಬಳು ಚಿತ್ರದ ಮೇಲೆ ಬೆರಳಿಟ್ಟು ಕೇಳಿದಳು: 'ಮಿಸ್, ಸ್ನೋ... ರೈನ್... ಫಿನಿಶ್?'