ದೊಡ್ಡಪ್ಪನ ಹುಣಸೆಮರ, ಊರಿನ ಕೊಕ್ಕರೆ

ಓದುಗರ ಪತ್ರ: ನಮ್ಮೂರಿನ ನಡುವೆ ನಾಲ್ಕು ಹಳೇ ಹುಣಸೆಮರಗಳಿವೆ. ಮೂರು ವರ್ಷದಿಂದ ಅವುಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತಿವೆ. ಮರಗಳು ನಮ್ಮ ದೊಡ್ಡಪ್ಪನವು. ಹಣ್ಣು ಕೈಗೆ ಸಿಗುತ್ತಿಲ್ಲ, ಅಂಗಳವೆಲ್ಲ ಹಿಕ್ಕೆ, ವಾಸನೆ ತಡೆಯೋಕಾಗಲ್ಲ, ಸೌದೆಗೆ ಮಾರಿಬಿಡ್ತೀನಿ ಅಂತಿದ್ದಾರೆ. ನಮ್ಮ ಯುವಕರ ಸಂಘದವರು, ಆ ಮರ ಹೋದರೆ ಹೋಗಲಿ, ಮಳೆಗಾಲದಲ್ಲಿ ಸಾವಿರ ಸಸಿ ನೆಡೋಣ ಅನ್ನುತ್ತಾರೆ. ಅರಣ್ಯ ಇಲಾಖೆಗೆ ದೂರು ಕೊಟ್ಟರೆ ಮನೆಯಲ್ಲಿ ಜಗಳ. ಏನು ಮಾಡಲಿ?
(ನಾಗಮಂಗಲ ಕಡೆಯ ಓದುಗರೊಬ್ಬರು)

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ನಿಮ್ಮ ದೊಡ್ಡಪ್ಪನ ಬಗ್ಗೆಯೇ ಜಾಸ್ತಿ ಯೋಚನೆಯಾಯಿತು. ಕೊಕ್ಕರೆ ನೋಡಿ ಖುಷಿಪಡುವುದು ಇಡೀ ಊರು. ಫಸಲು ಕಳೆದುಕೊಳ್ಳುವುದು ಅವರೊಬ್ಬರೇ. ಮೂರು ವರ್ಷ ಅವರು ಸುಮ್ಮನಿದ್ದರು, ಅದೇ ದೊಡ್ಡದು. ಈಗ ಬೇಸರ ಬಂದಿದೆ. ಅವರ ಜಾಗದಲ್ಲಿ ನಾನಿದ್ದರೂ ಬೇಸರವಾಗುತ್ತಿತ್ತು.

ಆದ್ದರಿಂದ ದೂರಿನ ಮಾತು ಸದ್ಯಕ್ಕೆ ಬೇಡ. ಒಂದು ದಿನ ಬಿಡುವು ಮಾಡಿಕೊಂಡು ದೊಡ್ಡಪ್ಪನನ್ನೂ ಸಂಘದ ಒಂದಿಬ್ಬರನ್ನೂ ಕರೆದುಕೊಂಡು ಕೊಕ್ಕರೆಬೆಳ್ಳೂರಿಗೆ ಹೋಗಿಬನ್ನಿ. ನಿಮ್ಮ ಜಿಲ್ಲೆಯದೇ ಊರು, ಮದ್ದೂರು ತಾಲ್ಲೂಕು. ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಒಳ್ಳೆಯದು. ಆಗ ಗೂಡುಗಳ ತುಂಬ ಮರಿಗಳಿರುತ್ತವೆ.

ನಾನು ಮೊದಲ ಸಲ ಹೋದಾಗ ಹಕ್ಕಿಗಳಿಗಿಂತ ಮೊದಲು ಎದುರಾದದ್ದು ಮೀನಿನ ವಾಸನೆ. ಆಮೇಲೆ ಮರಿಗಳ ಗಲಾಟೆ. ತಲೆ ಎತ್ತಿದರೆ ಮನೆಯ ಹಿಂದಿನ ಹುಣಸೆಮರದಲ್ಲಿ ಬಣ್ಣದ ಕೊಕ್ಕರೆ, ಪಕ್ಕದ ಮರದಲ್ಲಿ ಹೆಜ್ಜಾರ್ಲೆ. ಹೆಜ್ಜಾರ್ಲೆ ಅಂದರೆ ಪೆಲಿಕನ್, ಕೊಕ್ಕಿನ ಕೆಳಗೆ ಚೀಲ ಇರುವ ದೊಡ್ಡ ಹಕ್ಕಿ. ಒಂದೊಂದು ನಾಲ್ಕೈದು ಕೆ.ಜಿ. ತೂಗುತ್ತದೆ. ಅಷ್ಟು ದೊಡ್ಡ ಹಕ್ಕಿ ಮನೆಯ ಸೂರಿನ ಮೇಲೆ ಸಂಸಾರ ಹೂಡಿದೆ, ಕೆಳಗೆ ಜನ ತಮ್ಮ ಪಾಡಿಗೆ ಪಾತ್ರೆ ತೊಳೆಯುತ್ತಿದ್ದಾರೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಅಂತ ಆ ಊರಿನವರು ಹೇಳುತ್ತಾರೆ. ಹಿಂದೆ ಪ್ಲೇಗ್ ಬಂದು ಹಳೇ ಊರು ಬಿಟ್ಟಾಗ ಹಕ್ಕಿಗಳೂ ತಮ್ಮ ಹಿಂದೆಯೇ ಬಂದವು ಅನ್ನುವ ಕಥೆಯೂ ಇದೆ.

ಆದರೆ ಬರೀ ಪ್ರೀತಿಯಿಂದ ಅಲ್ಲಿ ಮರ ಉಳಿದಿಲ್ಲ. ಇದನ್ನು ನಿಮ್ಮ ಸಂಘದವರು ಗಮನಿಸಬೇಕು. ಅಲ್ಲೂ ಇದೇ ತೊಂದರೆ ಇತ್ತು. ಹುಣಸೆ ಬಡಿಯುವ ಕಾಲ, ಗೂಡಿನಲ್ಲಿ ಮರಿ ಇರುವ ಕಾಲ ಎರಡೂ ಒಂದೇ. ಕೋಲು ಎತ್ತಿದರೆ ಹಕ್ಕಿ ಹಾರಿಹೋಗುತ್ತದೆ, ಮರಿ ಕೆಳಗೆ ಬೀಳುತ್ತದೆ. ಎತ್ತದಿದ್ದರೆ ಫಸಲು ಹೋಗುತ್ತದೆ. 1976ರ ಸುಮಾರಿಗೆ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರಿನ ಹಕ್ಕಿಗಳ ಬಗ್ಗೆ ಕೆಲಸ ಶುರು ಮಾಡಿದರು. ಗೂಡಿರುವ ಮರದ ಯಜಮಾನರಿಗೆ ಸರ್ಕಾರದಿಂದ ಪರಿಹಾರ ಕೊಡುವ ಪದ್ಧತಿ ಬಂದದ್ದು ಆ ದಿನಗಳಲ್ಲಿ. ಆ ಹಣ ಸಾಲದು, ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅನ್ನುವ ದೂರು ಊರಿನಲ್ಲಿ ಮುಗಿದೇ ಇಲ್ಲ. ಅದು ನ್ಯಾಯವಾದ ದೂರು. ಆದರೂ ಹಕ್ಕಿಗೆ ಜಾಗ ಕೊಟ್ಟವನಿಗೆ ನಷ್ಟ ತುಂಬಿಕೊಡಬೇಕು ಅನ್ನುವ ಮಾತನ್ನು ಆವತ್ತೇ ಒಪ್ಪಿಕೊಂಡರಲ್ಲ, ಅಲ್ಲಿಂದಲೇ ಎಲ್ಲ ಶುರುವಾಯಿತು ಅಂತ ನಾನು ನಂಬುತ್ತೇನೆ.

ಇದೇ ನೇಗಿನಹಾಳರು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದವರು. ಸಸಿಯ ಬೆಲೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥವರೂ ಕೊಕ್ಕರೆಬೆಳ್ಳೂರಿನಲ್ಲಿ ಮೊದಲು ನೋಡಿದ್ದು ನಿಂತಿರುವ ಹಳೇ ಮರವನ್ನು. ನಿಮ್ಮ ಹುಡುಗರಿಗೆ ಇದನ್ನು ಹೇಳಿ. ಸಾವಿರ ಸಸಿ ಖಂಡಿತ ನೆಡಲಿ. ಹುಣಸೆ, ಗೋಣಿ, ಅರಳಿ, ಕರಿಜಾಲಿಯನ್ನೇ ನೆಡಲಿ. ಆದರೆ ಈ ವರ್ಷ ನೆಟ್ಟ ಹುಣಸೆ ಕಾಯಿ ಬಿಡುವುದಕ್ಕೇ ಎಂಟು ಹತ್ತು ವರ್ಷ ಬೇಕು. ಹತ್ತಾರು ಗೂಡು ಹೊರುವಂಥ ಅಗಲವಾದ ತಲೆ ಬರಬೇಕಾದರೆ ಒಂದು ತಲೆಮಾರು ಕಾಯಬೇಕು. ಮುಂದಿನ ಸಂಕ್ರಾಂತಿಗೆ ಬರುವ ಕೊಕ್ಕರೆ ಅಲ್ಲಿಯವರೆಗೆ ಎಲ್ಲಿ ಕೂರಬೇಕು?

ನನಗೆ ತೋಚಿದ ದಾರಿ ಇದು. ನಿಮ್ಮ ಕಡೆ ಹುಣಸೆ ಫಸಲನ್ನು ಮರದ ಮೇಲೇ ಗುತ್ತಿಗೆ ಕೊಡುತ್ತಾರೆ, ಅಲ್ವಾ? ವ್ಯಾಪಾರಿ ಬಂದು ಮರ ನೋಡಿ, ರೇಟು ಹೇಳಿ, ಮುಂಗಡ ಕೊಟ್ಟು ಹೋಗುತ್ತಾನೆ. ಈ ಸಲ ನಿಮ್ಮ ಸಂಘವೇ ಆ ನಾಲ್ಕು ಮರಗಳನ್ನು ಗುತ್ತಿಗೆ ಹಿಡಿಯಲಿ. ವ್ಯಾಪಾರಿ ಕೊಡುವ ರೇಟನ್ನೇ ಕೊಡಿ, ಒಂದು ರೂಪಾಯಿಯೂ ಕಡಿಮೆ ಬೇಡ. ಸಸಿಗೆ ಅಂತ ಎತ್ತಿದ ಹಣದಲ್ಲಿ ಒಂದು ಪಾಲು ಇದಕ್ಕೆ ಹೋಗಲಿ. ಉಳಿದದ್ದಕ್ಕೆ ಮನೆಗೆ ಇಷ್ಟು ಅಂತ ವಂತಿಗೆ ಹಾಕಿ. ಹಕ್ಕಿ ಇರುವ ತನಕ ಕೋಲು ಮುಟ್ಟಿಸಬೇಡಿ. ಮರಿಗಳು ಹಾರಿಹೋದ ಮೇಲೆ ಸಿಕ್ಕಷ್ಟು ಹಣ್ಣು ಸಂಘಕ್ಕೆ. ಆಗ ದೊಡ್ಡಪ್ಪನ ನಷ್ಟ ಇಡೀ ಊರಿನ ಲೆಕ್ಕಕ್ಕೆ ಬರುತ್ತದೆ.

ಹಿಕ್ಕೆಯ ವಿಚಾರಕ್ಕೆ ಬರೋಣ. ಕೊಕ್ಕರೆಬೆಳ್ಳೂರಿನವರು ಮರದ ಸುತ್ತ ಗುಂಡಿ ತೋಡಿ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ತುಂಬುತ್ತಾರೆ. ಮೇಲಿನಿಂದ ಬಿದ್ದ ಹಿಕ್ಕೆ ಅದರ ಜೊತೆ ಬೆರೆತು ಒಳ್ಳೇ ಗೊಬ್ಬರವಾಗುತ್ತದೆ. ಮಳೆ ಶುರುವಾಗುವ ಹೊತ್ತಿಗೆ ತೆಗೆದು ಹೊಲಕ್ಕೆ ಹಾಕುತ್ತಾರೆ. ಗೋಡಿನ ಮೇಲೆ ಬಿದ್ದದ್ದು ನೆಲಕ್ಕೆ ಅಂಟುವುದಿಲ್ಲವಾದ್ದರಿಂದ ವಾಸನೆಯೂ ಸ್ವಲ್ಪ ತಗ್ಗುತ್ತದೆ. ನಿಮ್ಮಲ್ಲಿ ಗೋಡು ಹೊಡೆಸುವ ಕೆಲಸ ಸಂಘದ್ದಾಗಲಿ, ಗೊಬ್ಬರ ದೊಡ್ಡಪ್ಪನದಾಗಲಿ. ಬಾವಿ, ತೊಟ್ಟಿ ಹತ್ತಿರವಿದ್ದರೆ ಮುಚ್ಚಳ ಹಾಕಿಸುವುದನ್ನು ಮಾತ್ರ ಮರೆಯಬೇಡಿ.

ಕೆಳಗೆ ಬಿದ್ದ ಮರಿಗೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ. ಆದರೆ ಗಾಳಿ ಜೋರಾದ ದಿನ ಆ ಪ್ರಶ್ನೆ ಬಂದೇ ಬರುತ್ತದೆ. ನೆಲಕ್ಕೆ ಬಿದ್ದ ಮರಿಗೆ ತಾಯಿ ಮತ್ತೆ ಉಣಿಸುವುದಿಲ್ಲ. ಕೊಕ್ಕರೆಬೆಳ್ಳೂರಿನ ಯುವಕರು ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಬಳಗದವರ ಜೊತೆ ಸೇರಿ 1990ರ ದಶಕದಲ್ಲಿ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಬೇಲಿ ಹಾಕಿದ ಜಾಗದಲ್ಲಿಟ್ಟು, ಮೀನು ಕೊಟ್ಟು ಬೆಳೆಸಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸ ಅವರದು. ನೀವು ಇದನ್ನು ಸ್ವಂತವಾಗಿ ಶುರು ಮಾಡಬೇಡಿ. ಬಿದ್ದ ಮರಿಯನ್ನು ನಾಯಿಗಳಿಂದ ಕಾಪಾಡಿ, ನೆರಳಿನಲ್ಲಿಟ್ಟು, ವಲಯ ಅರಣ್ಯಾಧಿಕಾರಿಗೆ ಫೋನ್ ಮಾಡಿ. ಅವರ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ.

ಕೆರೆಯ ಕಡೆಗೂ ಒಂದು ಕಣ್ಣಿರಲಿ. ಮರ ಉಳಿದರೆ ಸಾಲದು, ಮೀನೂ ಬೇಕು. 2017-18ರಲ್ಲಿ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳು ಸಿಕ್ಕಿತು. ಆ ಹುಳು ಹಕ್ಕಿಯ ಹೊಟ್ಟೆ ಸೇರುವುದು ತಿನ್ನುವ ಮೀನಿನಿಂದ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಿರಲಿಲ್ಲ. ಊರಿನವರು ಇಷ್ಟು ವರ್ಷ ಕಾಪಾಡಿದ ಹಕ್ಕಿಗಳು ಊರಿನ ಕೈಗೆ ಎಟುಕದ ಕಡೆಯಿಂದ ಬಂದ ಕಾಯಿಲೆಗೆ ಬಿದ್ದವು. ನಿಮ್ಮ ಕೆರೆಗೆ ಚರಂಡಿ ನೀರು ಸೇರುತ್ತಿದ್ದರೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಿ. ಮೀನಿನ ಗುತ್ತಿಗೆ ಹಿಡಿದವರನ್ನೂ ಮಾತಿಗೆ ಕರೆಯಿರಿ.

ಇನ್ನು ಕಾನೂನು. ಗೂಡು ಕೆಡಿಸುವುದನ್ನು, ಮೊಟ್ಟೆ ಹಾಳುಮಾಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಅಂತಲೇ ಎಣಿಸುತ್ತದೆ. ಗೂಡಿರುವಾಗ ಮರಕ್ಕೆ ಕೊಡಲಿ ಹಾಕಿದರೆ ದೊಡ್ಡಪ್ಪನೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಇದನ್ನು ಹೆದರಿಸುವ ಹಾಗೆ ಹೇಳಬೇಡಿ. ಮನೆಯ ಮಗಳಾಗಿ, ಅವರ ಒಳ್ಳೇದಕ್ಕೆ ಅಂತ ಹೇಳಿ, ಅದೂ ಸೌದೆಯವನು ಬರುವ ಮೊದಲೇ. ಕೊಕ್ಕರೆಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಅಂಥ ಕಡೆ ಜಮೀನು ಊರಿನವರದೇ. ಪಂಚಾಯಿತಿ ಹೆಸರಿಸಿದ ಪ್ರತಿನಿಧಿಗಳೂ ಅರಣ್ಯ ಇಲಾಖೆಯವರೂ ಇರುವ ಸಮಿತಿ ನೋಡಿಕೊಳ್ಳುತ್ತದೆ. ನಿಮ್ಮ ನಾಲ್ಕು ಮರಕ್ಕೆ ಅದು ಈಗಲೇ ಬೇಕಿಲ್ಲ ಅಂತ ನನ್ನ ಅನಿಸಿಕೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲೂ ಹುಣಸೆಮರಗಳ ಮೇಲೆ ಇದೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಲ್ಲೂ ಕಾವಲು ಊರಿನವರದೇ.

ದೊಡ್ಡಪ್ಪನ ಹತ್ತಿರ ಮಾತಾಡುವಾಗ ಹಕ್ಕಿಯ ಮಾತನ್ನು ಮೊದಲು ಎತ್ತಬೇಡಿ. ಹೋದ ಮೂರು ವರ್ಷ ಒಂದೊಂದು ಮರಕ್ಕೆ ಎಷ್ಟು ನಷ್ಟವಾಯಿತು ಅಂತ ಕೇಳಿ, ಅವರ ಎದುರೇ ಬರೆದುಕೊಳ್ಳಿ. ಆ ಚೀಟಿಯನ್ನು ಸಂಘದ ಮುಂದಿನ ಸಭೆಗೆ ತೆಗೆದುಕೊಂಡು ಹೋಗಿ. ಸಭೆಯಲ್ಲಿ ಏನಾಯಿತು ಅಂತ ನನಗೆ ಬರೆಯಿರಿ. ಗುತ್ತಿಗೆ ಹಣಕ್ಕೆ ನನ್ನ ಪಾಲಿನ ವಂತಿಗೆಯನ್ನೂ ಸೇರಿಸಿಕೊಳ್ಳಿ.