ಬಂದವರಿಗೆ ಒಂದು ಕೆಲಸ ಹೇಳಿ

ಪ್ರಶ್ನೆ: ನಮ್ಮದು ಶಿರ್ವ ಹತ್ರ. ಗಂಡನಿಗೆ ಸ್ಟ್ರೋಕ್ ಆಗಿ ಒಂದು ಬದಿ ಬಲ ಇಲ್ಲ, ಮಲಗಿದಲ್ಲೇ ಎಲ್ಲ. ಸುರುವಿಗೆ ಇಗರ್ಜಿಯವರು ತುಂಬ ಜನ ಬಂದ್ರು, ಈಗ ಅಪರೂಪ, ಬಂದವರೂ "ದೇವರ ಪರೀಕ್ಷೆ, ಪ್ರಾರ್ಥನೆ ಮಾಡಿ" ಅಂತ ಹೇಳಿ ಹೋಗ್ತಾರೆ. ನನಗೆ ಆದಿತ್ಯವಾರ ಪೂಜೆಗೂ ಹೋಗ್ಲಿಕ್ಕೆ ಆಗುದಿಲ್ಲ. ಫಾದರನ್ನು ಕರೆಯುವಾ ಅಂದ್ರೆ ಪ್ರಾರ್ಥನೆ ಮಾಡಿ ಪವಿತ್ರ ತೈಲ ಹಚ್ಚಿದ್ರೆ ಇವರು ತನ್ನ ಕಥೆ ಮುಗೀತು ಅಂತ ಹೆದರ್ತಾರೇನೋ. ಎಂತ ಮಾಡುದು?

ಉತ್ತರ: ಅಕ್ಕಾ, ಪರೀಕ್ಷೆ ಅಂತ ಹೇಳುವವರ ಮಾತು ಮನಸ್ಸಿಗೆ ಹಚ್ಚಿಕೊಳ್ಬೇಡಿ. ಬೈಬಲ್‌ನಲ್ಲಿ ಎಲ್ಲ ಕಳಕೊಂಡು ಕಾಯಿಲೆ ಬಿದ್ದ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ರು, ಅಷ್ಟರವರೆಗೆ ಚಂದವೇ ಇತ್ತು, ಬಾಯಿ ತೆರೆದು ನೀನೇ ಎಂತದೋ ಪಾಪ ಮಾಡಿರ್ಬೇಕು ಅಂತ ಉಪದೇಶ ಸುರು ಮಾಡಿದ್ಮೇಲೆ ಗಲಾಟೆ ಆದದ್ದು, ಕಡೆಗೆ ದೇವರಿಗೆ ಸಿಟ್ಟು ಬಂದದ್ದೂ ಆ ಗೆಳೆಯರ ಮೇಲೆಯೇ.

ಆದ್ರೆ ಜನ ಬಾರದ್ದಕ್ಕೆ ಕಾರಣ ಯಾವಾಗ್ಲೂ ಮನಸ್ಸಿಲ್ಲದ್ದು ಅಲ್ಲ ಮಾರಾಯ್ರೆ, ಬಂದು ಎಂತ ಮಾಡುದು ಅಂತ ಗೊತ್ತಾಗುದಿಲ್ಲ. ನಿಮ್ಮ ಇಗರ್ಜಿ ವಾರ್ಡಿನ ಮುಖ್ಯಸ್ಥರು, ಗುರಿಕಾರರಿಗೆ ಫೋನ್ ಮಾಡಿ "ಕಷ್ಟ ಉಂಟು" ಅಂತ ಹೇಳಿ ಬಿಡ್ಬೇಡಿ, "ಆದಿತ್ಯವಾರ ಬೆಳಿಗ್ಗೆ ಎರಡು ಗಂಟೆ ಇವರ ಹತ್ರ ಕೂರ್ಲಿಕ್ಕೆ ಒಬ್ಬರು ಬೇಕು" ಅಂತ ಹೇಳಿ. ಬಂದವರಿಗೆ ಬೆಡ್‌ಶೀಟ್‌ನ ಎರಡೂ ತುದಿ ಹಿಡಿದು ಮಗ್ಗುಲು ಬದಲಿಸುದು ತೋರಿಸಿಕೊಡಿ, ಎರಡು ಗಂಟೆಗೊಮ್ಮೆ ಬದಲಿಸದಿದ್ರೆ ಬೆನ್ನು, ಸೊಂಟದಲ್ಲಿ ಹುಣ್ಣಾಗ್ತದೆ ಅಂತಾನೂ ಹೇಳಿ. ಮದ್ದಿನ ಖರ್ಚಿಗೆ ಕಷ್ಟ ಇದ್ರೆ ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ನಿಮ್ಮ ಇಗರ್ಜಿಯಲ್ಲಿ ಇದ್ದಾರಾ ಕೇಳಿ, 1833ರಲ್ಲಿ ಪ್ಯಾರಿಸ್‌ನಲ್ಲಿ ಸುರುವಾದಾಗಿಂದ ಕಷ್ಟದಲ್ಲಿರುವವರ ಮನೆಮನೆಗೆ ಹೋಗಿ ಸಹಾಯ ಮಾಡುದೇ ಅವರ ಮುಖ್ಯ ಕೆಲಸ. ಕೇಳ್ಲಿಕ್ಕೆ ಎಂತ ನಾಚಿಕೆ? ನಮ್ಮ ಮಂಗಳೂರು ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಉಂಟಲ್ಲ, ಅದು 1880ರಲ್ಲಿ ಆ ಫಾದರ್ ಆಲದ ಮರದಡಿ ಕೂತು ಬಡವರಿಗೆ ಹೋಮಿಯೋಪತಿ ಮದ್ದು ಕೊಟ್ಟದ್ದರಿಂದಲೇ ಸುರುವಾದದ್ದು, ಬರೀ ಪ್ರಾರ್ಥನೆ ಮಾಡಿ ಅಂತ ಹೇಳಿ ಕಳಿಸ್ಲಿಲ್ಲ.

ತೈಲದ ವಿಷಯ, ಅದು ಸಾಯುವವರಿಗೆ ಮಾತ್ರ ಅನ್ನುದು ಹಳೆ ಹೆದರಿಕೆ. ಕಥೋಲಿಕ ಬಿಷಪರ ದೊಡ್ಡ ಸಭೆಯಾದ ಎರಡನೇ ವ್ಯಾಟಿಕನ್ ಸಭೆ 1963ರಲ್ಲೇ ಅದನ್ನು ರೋಗಿಗಳ ಸಂಸ್ಕಾರ ಅಂತ ಸ್ಪಷ್ಟ ಮಾಡಿದೆ, ಕಾಯಿಲೆ ಜೋರಾದ್ರೆ ಪುನಃ ತಗೊಳ್ಬಹುದು. ಮೊದಲು ನಿಮ್ಮ ಯಜಮಾನರ ಹತ್ರವೇ ಕೇಳಿ, ಬೇಡ ಅಂದ್ರೆ ಫಾದರ್ ಸುಮ್ನೆ ಮಾತಾಡ್ಲಿಕ್ಕೆ ಬರ್ಲಿ. ಪರಮಪ್ರಸಾದ, ಅಂದ್ರೆ ಪೂಜೆಯ ರೊಟ್ಟಿ, ಕೊಡುದಾದ್ರೆ ನುಂಗ್ಲಿಕ್ಕೆ ಕಷ್ಟ ಇದ್ರೆ ಮೊದ್ಲೇ ಹೇಳಿ, ಸಣ್ಣ ತುಂಡು ಕೊಡ್ತಾರೆ.

ಮತ್ತೆ ನೀವು ಪ್ರಶ್ನೆಯಲ್ಲಿ ನಿಮ್ಮ ಆರೋಗ್ಯದ ಬಗ್ಗೆ ಒಂದು ಮಾತೂ ಬರೀಲಿಲ್ಲ. ಆ ಎರಡು ಗಂಟೆ ಸಿಕ್ಕಿದಾಗ ಪೂಜೆ ಮುಗಿಸಿ ಓಡಿ ಬರ್ಬೇಡಿ, ಒಂದು ವಾರ ಡಾಕ್ಟ್ರ ಹತ್ರ ಹೋಗಿ ಬಿಪಿ, ಶುಗರ್ ನೋಡಿಸಿ.